ಹಿಡಿ ಮಣ್ಣಿಗೂ ಸಿಗದವರು

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಮಕ್ಕಳೇ, ಕ್ಷೇತ್ರಕಾರ್ಯಕ್ಕೆ ಹೊರಡುವ ಮುಂಚೆ ನನ್ನದೊಂದು ಮಾತು ಕೇಳಿಕೊಂಡು ಹೋಗಿ. ಸೋಬಾನೆ ಪದ, ಡೊಳ್ಳಿನ ಹಾಡು ಬರೆದುಕೊಂಡು ಬರುತ್ತೀರಿ, ಸಂತೋಷ. ಊರ ಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಗೆ ಸೂರ್ಯಚಂದ್ರ. ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನೆತ್ತಿಯ ಮೇಲೆ ಹೊತ್ತು ಬಂದಾಗ ಹೋದರೆ ಏನೂ ಓದಲಾಗುವುದಿಲ್ಲ. ತುರು ಬಿಡಿಸಲು, ಊರು ಉಳಿಸಲು ಸತ್ತವರ ಕಲ್ಲುಗಳಿವು. ಅವರು ಬಿದ್ದದ್ದು ನೆಲದ ಮೇಲೆ, ಮನೆಯವರ ಕೈಗೆ ದೇಹವಾದರೂ ಸಿಕ್ಕಿದ್ದೀತು.

ಕಡಲಲ್ಲಿ ಸತ್ತವರಿಗೂ ನಮ್ಮ ಹಿಂದಿನವರು ಕಲ್ಲು ನಿಲ್ಲಿಸಿದ್ದಾರೆ. ಮುಂಬೈನ ಬೋರಿವಲಿ ಹತ್ತಿರ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ಹಡಗುಗಳು ಸಾಲುಗಟ್ಟಿವೆ. ಸುಮಾರು 1265ರಲ್ಲಿ ಸೇವುಣ ದೊರೆ ಮಹಾದೇವನಿಗೂ ಕೊಂಕಣದ ಶಿಲಾಹಾರ ದೊರೆ ಸೋಮೇಶ್ವರನಿಗೂ ನಡೆದ ಕದನದ ಚಿತ್ರವೆಂದು ಇತಿಹಾಸಕಾರರು ಹೇಳುತ್ತಾರೆ. ಸೋಮೇಶ್ವರ ಸಮುದ್ರದಲ್ಲೇ ಮುಳುಗಿದ. ಆ ಸೇವುಣರ ಆಳ್ವಿಕೆ ಆಗ ನಮ್ಮ ಈ ನೆಲದಲ್ಲೂ ಇತ್ತು. ಆದ್ದರಿಂದ ಅದನ್ನು ಪರರ ಕಥೆ ಎನ್ನಬೇಡಿ.

ಅಂಥ ಕಥೆ ನಮ್ಮ ಕಾಲದ್ದೂ ಒಂದಿದೆ. 1971ರ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಬಿಟ್ಟ ಟಾರ್ಪಿಡೊ ತಗುಲಿ ನಮ್ಮ ಯುದ್ಧನೌಕೆ ‘ಖುಕ್ರಿ’ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಇತರರನ್ನು ಪಾರುಮಾಡಲು ನಿಂತು, ಹಡಗು ಬಿಡದೆ ಅದರೊಂದಿಗೇ ಮುಳುಗಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ದಿಯುವಿನಲ್ಲಿ ಸಮುದ್ರದ ದಂಡೆಯ ದಿಬ್ಬದ ಮೇಲೆ ಗಾಜಿನ ಮನೆಯೊಳಗೆ ಆ ಹಡಗಿನ ಪ್ರತಿಕೃತಿ ಇಟ್ಟು ಸ್ಮಾರಕ ಮಾಡಿದ್ದಾರೆ.

ನಮ್ಮ ಕಡೆ ಸತ್ತವರಿಗೆ ಬಂಧುಗಳೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಕಾಯಿ ಒಡೆಯಲು, ಅತ್ತು ಹಗುರಾಗಲು ಒಂದು ಜಾಗ ಉಳಿಯುತ್ತದೆ. ಕಡಲು ನುಂಗಿದ ಮಗನ ತಾಯಿಗೆ ಅದೂ ಇಲ್ಲ. ಅಂಥವಳಿಗೆ ಕಲ್ಲಿನ ಮೇಲಿನ ಹೆಸರೇ ಸಮಾಧಿ. ಅದಕ್ಕೇ ಆ ಹೆಸರು ತಪ್ಪಿಲ್ಲದೆ ಉಳಿಯಬೇಕೆಂದು ನನ್ನ ಹಟ.

ಮಕ್ಕಳೇ, ನಿಮ್ಮ ಊರಿಂದಲೋ ಪಕ್ಕದ ಊರಿಂದಲೋ ನೌಕಾಪಡೆಗೆ, ಸೈನ್ಯಕ್ಕೆ ಹೋಗಿ ತಿರುಗಿ ಬಾರದವರಿದ್ದರೆ ಆ ಮನೆ ಹುಡುಕಿ. 1971ರಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆ ಈಗ ಎಪ್ಪತ್ತು ದಾಟಿರುತ್ತದೆ. ತಡ ಮಾಡಬೇಡಿ. ಹೋದ ಕೂಡಲೇ ಮೊಬೈಲು ಮುಖಕ್ಕೆ ಹಿಡಿಯಬೇಡಿ, ಕೊಟ್ಟ ಚಹಾ ಕುಡಿಯಿರಿ, ಅಜ್ಜಿ ತಾನಾಗಿ ಮಾತು ತೆಗೆಯಲಿ. ಮನೆಯಲ್ಲಿ ಅವನನ್ನು ಏನಂತ ಕರೆಯುತ್ತಿದ್ದರು, ಯಾವ ಹಡಗು, ಕೊನೆಯ ಪತ್ರದಲ್ಲಿ ಏನಿತ್ತು ಎಂದು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ ಕೈಮುಗಿದು ಎದ್ದು ಬನ್ನಿ. ಹೇಳಿದರೆ ಅವರ ಮಾತಿನಲ್ಲೇ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಂಡು, ಒಂದು ಪ್ರತಿ ಆ ಮನೆಯಲ್ಲಿ ಕೊಟ್ಟು ಬನ್ನಿ.