ಹಿತ್ತಲ ಪೇರಲ ಗಿಡಕ್ಕೆ ಎಣ್ಣಿ ಬೇಡ: ಮಾಡಬೇಕಾದ್ದು, ಮಾಡಬಾರದ್ದು

ಮೇಡ್ಲೇರಿಯ ಹಿತ್ತಲುಗಳಲ್ಲಿ ಒಂದೆರಡು ಪೇರಲ ಗಿಡ ಇಟ್ಟುಕೊಂಡವರಿಗೆ, ಈ ಮಳೆಗಾಲಕ್ಕೆ ಹೊಸದಾಗಿ ನೆಡಬೇಕೆಂದಿರುವವರಿಗೆ ಈ ಸೂಚನೆ.

ಹೊಲದ ಬೆಳೆ ಸಂತೆಗೆ ಹೋಗುತ್ತದೆ, ಕಂಪನಿಗೆ ಹೋಗುತ್ತದೆ. ಹಿತ್ತಲ ಪೇರಲ ಎಲ್ಲಿಗೂ ಹೋಗುವುದಿಲ್ಲ. ಸಾಲಿ ಬಿಟ್ಟು ಬಂದ ಮಗು ಟೊಂಗೆ ಬಗ್ಗಿಸಿ ಹಣ್ಣು ಕೀಳುತ್ತದೆ, ಅಂಗಿಗೆ ಒರೆಸಿ ನಿಂತಲ್ಲೇ ಕಚ್ಚುತ್ತದೆ. ತೊಳೆಯುವುದಿಲ್ಲ, ಸಿಪ್ಪೆ ತೆಗೆಯುವುದಿಲ್ಲ. ಕೆಳಗಿನ ನಿಯಮಗಳೆಲ್ಲ ಇದನ್ನು ಮುಂದಿಟ್ಟುಕೊಂಡೇ ಮಾಡಿದವು.

ನಮ್ಮ ರಾಣೆಬೆನ್ನೂರು ಸೀಮೆಯಲ್ಲಿ ತರಕಾರಿ ಬೀಜೋತ್ಪಾದನೆ ದೊಡ್ಡ ಕಸುಬು. ಜೊತೆಗೆ ಹತ್ತಿ, ಮೆಣಸಿನಕಾಯಿ, ಗೋವಿನಜೋಳ. ಹಾಗಾಗಿ ಎಣ್ಣಿ, ಅಂದರೆ ಕೀಟನಾಶಕದ ಡಬ್ಬಿ, ಅದನ್ನು ಹೊಡೆಯುವ ಪಂಪು ಬಹಳ ಮನೆಗಳಲ್ಲಿ ಕೈಗೆಟಕುವಂತೆ ಇರುತ್ತವೆ. ಪಂಪಿನಲ್ಲಿ ಉಳಿದದ್ದನ್ನು ಹಿತ್ತಲ ಗಿಡಕ್ಕೆ ಹೊಡೆದು ಖಾಲಿ ಮಾಡುವ ರೂಢಿ ಇದ್ದರೆ ಇವತ್ತೇ ನಿಲ್ಲಬೇಕು. ಎಣ್ಣಿ ಇಲ್ಲದೆಯೂ ಪೇರಲ ಚೆನ್ನಾಗಿ ಬರುತ್ತದೆ. ಅದಕ್ಕೆ ಬೇಕಾದದ್ದು ಹೊತ್ತುಹೊತ್ತಿನ ಆರೈಕೆ.

ಮಾಡಬೇಕಾದ್ದು

1. ಜಾಗ ನೋಡಿ ನೆಡಿ. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಕಡೆ, ಗೋಡೆಯಿಂದ 10 ಅಡಿ ದೂರ ಇರಲಿ. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಹದಿನೈದು ದಿನ ಬಿಸಿಲಿಗೆ ಬಿಡಿ. ನಿಮ್ಮದು ಎರಿ (ಕಪ್ಪು) ಮಣ್ಣಾದರೆ ನೆಲಕ್ಕಿಂತ ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಪೇರಲದ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಎರಿಯಲ್ಲಿ ಮಳೆನೀರು ನಿಂತರೆ ಅವುಗಳಿಗೆ ಉಸಿರು ಕಟ್ಟುತ್ತದೆ, ಆಮೇಲೆ ಸೊರಗು ರೋಗ ಹೊಗಲು ತಡವಾಗುವುದಿಲ್ಲ.

2. ಕಸಿ ಗಿಡವನ್ನೇ ತನ್ನಿ. ಲಖನೌ-49 ಅಥವಾ ಸರ್ದಾರ್ ಎಂಬ ತಳಿ ಪುಣೆಯ ಹವಾದಲ್ಲಿ ಆಯ್ಕೆಯಾದದ್ದು, ನಮ್ಮ ಬಯಲಿಗೂ ಒಗ್ಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೃದುಲಾ, ಕೆಂಪು ತಿರುಳಿನ ಅರ್ಕಾ ಕಿರಣ್ ಕೂಡ ಮನೆಗೆ ಒಳ್ಳೆಯವು. ಕೊಳ್ಳುವಾಗ ಚೀಲ ಸರಿಸಿ ಬೇರು ನೋಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಜಂತುಹುಳದ ಕಾಟ. ಅಂಥ ಗಿಡವನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ಒಮ್ಮೆ ಹಿತ್ತಲಿಗೆ ಹೊಕ್ಕರೆ ಆ ಹುಳು ಮಣ್ಣಿನಲ್ಲೇ ಉಳಿಯುತ್ತದೆ. ಮುನ್ನೆಚ್ಚರಿಕೆಗೆ ಗಿಡದ ಸುತ್ತ ಚೆಂಡುಹೂವು ಹಾಕಿ.

3. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಗೊಬ್ಬರ ಕೊಡಿ. ಬೆಳೆದ ಗಿಡಕ್ಕೆ ಪೂರ್ತಿ ಕಳಿತ ತಿಪ್ಪೆಗೊಬ್ಬರ ಎರಡು ದೊಡ್ಡ ಬುಟ್ಟಿ, ಬೇವಿನ ಹಿಂಡಿ 1 ಕೆ.ಜಿ. ಸೊರಗು ತಡೆಯಲು 10 ಕೆ.ಜಿ. ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕಲಸಿ, ನೆರಳಲ್ಲಿ ಹಸಿಗೋಣಿ ಮುಚ್ಚಿ ಹದಿನೈದು ದಿನ ಇಟ್ಟು, ಆಮೇಲೆ ಹಾಕಿ. ಗೊಬ್ಬರ ಬೊಡ್ಡೆಗೆ ಸುರಿಯುವುದಲ್ಲ. ಮಧ್ಯಾಹ್ನ ಗಿಡದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಹರಡಬೇಕು.

4. ನೆಲ ಮುಚ್ಚಿಡಿ. ಶೇಂಗಾ ಹೊಟ್ಟು, ಗೋವಿನಜೋಳದ ದಂಟು, ಒಣ ಎಲೆ, ಏನಿದ್ದರೂ ನಾಲ್ಕು ಬೆರಳು ದಪ್ಪ ಹಾಸಿ. ಬೊಡ್ಡೆಯಿಂದ ಒಂದು ಗೇಣು ಬಿಟ್ಟು ಹಾಸಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

5. ವರ್ಷಕ್ಕೊಮ್ಮೆ ಸವರಿ. ಪೇರಲ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಸವರಿದರೆ ಹಣ್ಣು ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ. ಮೇ ತಿಂಗಳಲ್ಲಿ ಒಣಗಿದ್ದು, ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುವ ಟೊಂಗೆ ತೆಗೆಯಿರಿ. ಕಸಿ ಗಂಟಿನ ಕೆಳಗೆ ಬಂದ ಚಿಗುರನ್ನು ಕಂಡಾಗಲೇ ಕಿತ್ತುಹಾಕಿ. ಗಿಡ ನೆಲದಿಂದ ಏಳೆಂಟು ಅಡಿ ಮೀರದಿರಲಿ, ಎಲ್ಲ ಹಣ್ಣೂ ಕೈಗೆ ಸಿಗುವಂತಿದ್ದರೆ ಮಾತ್ರ ಮುಂದಿನ ಕೆಲಸ ಮಾಡಲು ಸಾಧ್ಯ.

6. ಮಳೆಗಾಲದ ಫಸಲು ಬಿಟ್ಟು ಚಳಿಗಾಲದ್ದು ಹಿಡಿಯಿರಿ. ಫೆಬ್ರುವರಿ, ಮಾರ್ಚಿನ ಹೂವು ಜುಲೈ, ಆಗಸ್ಟಿಗೆ ಹಣ್ಣಾಗುತ್ತದೆ. ಆಗ ಹಣ್ಣು ನೊಣದ ಹಾವಳಿ ಜೋರು, ಹಣ್ಣು ಸಪ್ಪೆ. ಮೃಗ ಬಹಾರ, ಅಂದರೆ ಮಿರಗದ ಮಳೆಗೆ ಬಿಟ್ಟ ಹೂವು ನವೆಂಬರಿನಿಂದ ಜನವರಿವರೆಗೆ ಹಣ್ಣಾಗುತ್ತದೆ. ಹುಳು ಕಡಿಮೆ, ರುಚಿ ಹೆಚ್ಚು. ಆದ್ದರಿಂದ ಮೂರು ವರ್ಷ ದಾಟಿದ ಗಿಡಕ್ಕೆ ಫೆಬ್ರುವರಿಯಿಂದ ಮೇ ನಡುವಿನವರೆಗೆ ನೀರು ನಿಲ್ಲಿಸಿ. ಎಲೆ ಉದುರಿದರೆ ಗಾಬರಿ ಬೇಡ. ಆಮೇಲೆ ಸವರಿ, ಗೊಬ್ಬರ ಕೊಟ್ಟು, ನೀರು ಬಿಡಿ.

7. ಉದುರಿದ ಹಣ್ಣು ದಿನಾ ಸಂಜೆ ಆರಿಸಿ. ಎಲ್ಲದಕ್ಕಿಂತ ಮುಖ್ಯ ನಿಯಮ ಇದು. ಹಣ್ಣು ನೊಣ ಮಾಗುತ್ತಿರುವ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಮರಿಹುಳು ತಿರುಳು ತಿಂದು, ಹಣ್ಣಿನ ಜೊತೆ ಕೆಳಗೆ ಬಿದ್ದು, ಮಣ್ಣಿನೊಳಗೆ ಇಳಿದು ಕೋಶ ಕಟ್ಟಿ, ಕೆಲವೇ ದಿನಗಳಲ್ಲಿ ಮತ್ತೆ ನೊಣವಾಗಿ ಎದ್ದುಬರುತ್ತದೆ. ಬಿದ್ದ ಹಣ್ಣು ಎತ್ತದ ಹಿತ್ತಲು ಓಣಿಗೆಲ್ಲ ನೊಣ ಸಾಕುತ್ತದೆ. ಆರಿಸಿದ್ದನ್ನು 2 ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ತುಳಿಯಿರಿ. ಗಿಡದ ಬುಡವನ್ನು ಕೋಳಿ ಕೆದರುತ್ತಿದ್ದರೆ ಕೆದರಲಿ, ಕೋಶಗಳನ್ನು ಆರಿಸಿ ತಿನ್ನುತ್ತದೆ.

8. ಕಾಯಿಗೆ ಚೀಲ ಕಟ್ಟಿ. ಲಿಂಬೆಹಣ್ಣಿನ ಗಾತ್ರಕ್ಕೆ ಬಂದೊಡನೆ ಹಳೆ ಸೀರೆಯ ಬಟ್ಟೆ ಅಥವಾ ಕಾಗದದ ಚೀಲ ತೊಡಿಸಿ ದೇಟಿಗೆ ದಾರ ಕಟ್ಟಿ. ನೊಣಕ್ಕೆ ಇದಕ್ಕಿಂತ ಖಾತ್ರಿಯಾದ ತಡೆ ಇಲ್ಲ. ಗಿಡ ಇರುವುದು ಒಂದೋ ಎರಡೋ, ಮಕ್ಕಳೂ ಕೈಜೋಡಿಸಿದರೆ ಒಂದು ರವಿವಾರದ ಕೆಲಸ.

9. ಇರುವೆ ಸಾಲು ಕಂಡರೆ ಹಿಟ್ಟು ತಿಗಣೆ ಹುಡುಕಿ. ತಿಗಣೆ ಸೂಸುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಬೊಡ್ಡೆಗೆ ಅಂಟಿನ ಪಟ್ಟಿ ಸುತ್ತಿ ಇರುವೆಯ ದಾರಿ ಮುಚ್ಚಿ. ತೀರ ಮುತ್ತಿದ ಟೊಂಗೆ ಕತ್ತರಿಸಿ ಸುಡಿ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚಿಟಿಕೆ ಸಾಬೂನು ಪುಡಿ ಕದಡಿ ಸಂಜೆ ಸಿಂಪಡಿಸಿ.

10. ತೊಗಟೆ ಪರೀಕ್ಷಿಸಿ. ಕವಲಿನಲ್ಲಿ ಮರದ ಪುಡಿ ಬಲೆಯಂತೆ ಜೋತಾಡುತ್ತಿದ್ದರೆ ಒಳಗೆ ತೊಗಟೆ ತಿನ್ನುವ ಹುಳು ಇದೆ. ಬ್ರಷ್ಷಿನಿಂದ ಬಲೆ ತೆಗೆದು, ತೂತಿಗೆ ತಂತಿ ಹೊಗಿಸಿ ಹುಳು ಕೊಂದು, ಬೇವಿನ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ, ಕೆಸರು ಮೆತ್ತಿ.

11. ಸವರಿದ ಮೇಲೆ ಬೋರ್ಡೋ ದ್ರಾವಣ ಒಮ್ಮೆ ಹೊಡೆಯಿರಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೀಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಗಿಡದಲ್ಲಿ ಕಾಯಿ ಇರುವಾಗ ಇದನ್ನು ಮುಟ್ಟಬೇಡಿ.

ಮಾಡಬಾರದ್ದು

1. ಹೊಲದ ಎಣ್ಣಿಯನ್ನು ಹಿತ್ತಲಿಗೆ ತರಬಾರದು. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅಂದರೆ ಅತಿ ಘೋರ ವಿಷ, ಹಳದಿ ಅದರ ಕೆಳಗಿನದು, ಆಮೇಲೆ ನೀಲಿ, ಕಡೆಗೆ ಹಸಿರು. ಹಸಿರು ಇದ್ದರೂ ಅದು ವಿಷವೇ. ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಹಳ್ಳಿಗಳಲ್ಲಿ ಎಂಡೋಸಲ್ಫಾನ್‌ ಎಂಬ ಎಣ್ಣಿಯಿಂದ ನೊಂದವರಲ್ಲಿ ನಮ್ಮ ಭಾಷೆಯವರೇ ಎಷ್ಟೋ ಮಂದಿ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ನರಳಿ ಆಗಿತ್ತು. ಅದನ್ನು ಮರೆಯಬಾರದು.

2. ಎಣ್ಣಿ ಹೊಡೆದ ಪಂಪಿನಲ್ಲಿ ಬೇವಿನ ಎಣ್ಣೆ ಹೊಡೆಯಬಾರದು. ಎಷ್ಟು ತೊಳೆದರೂ ಕೊಳವೆಯಲ್ಲಿ ವಿಷ ಉಳಿದಿರುತ್ತದೆ. ಹಿತ್ತಲಿಗೆ ಬೇರೆ ಸಣ್ಣ ಕೈಪಂಪು ಇಡಿ. ಖಾಲಿ ಎಣ್ಣಿ ಡಬ್ಬಿಯಲ್ಲಿ ನೀರಾಗಲಿ ಜೀವಾಮೃತವಾಗಲಿ ತುಂಬಕೂಡದು.

3. ಹಸಿ ಕುರಿ ಗೊಬ್ಬರ ಹಾಕಬಾರದು. ಕುರಿ ಗೊಬ್ಬರಕ್ಕೆ ಕಾವು ಹೆಚ್ಚು, ಮೇಲುಬೇರು ಸುಡುತ್ತದೆ. ತಿಪ್ಪೆಯಲ್ಲಿ ಆರು ತಿಂಗಳು ಕಳಿಯಲಿ. ಆಡು, ಕುರಿಯನ್ನು ಪೇರಲ ಗಿಡಕ್ಕೆ ಕಟ್ಟಲೂಬಾರದು. ಸುತ್ತಲೂ ತೊಗಟೆ ಸುಲಿದರೆ ಗಿಡ ಉಳಿಯುವುದಿಲ್ಲ.

4. ಬಚ್ಚಲ ನೀರು, ಬಟ್ಟೆ ಒಗೆದ ನೀರು ನೇರ ಬೊಡ್ಡೆಗೆ ಬಿಡಬಾರದು. ಸಾಬೂನಿನ ಉಪ್ಪು ಎರಿ ಮಣ್ಣನ್ನು ಗಟ್ಟಿ ಮಾಡುತ್ತದೆ, ಸದಾ ಹಸಿ ಇದ್ದರೆ ಬೇರು ಕೊಳೆಯುತ್ತದೆ. ಆ ನೀರನ್ನು ಬಾಳೆಗೆ, ಕೆಸುವಿಗೆ ತಿರುಗಿಸಿ.

5. ಬುಡವನ್ನು ಆಳವಾಗಿ ಅಗೆಯಬಾರದು. ಗುದ್ದಲಿ ಏಟಿಗೆ ಹರಿದ ಬೇರೇ ಸೊರಗು ರೋಗಕ್ಕೆ ಬಾಗಿಲು. ಕಳೆ ಕೈಯಿಂದ ಕೀಳಿ.

6. ಸೊರಗಿ ಸತ್ತ ಗಿಡದ ಗುಂಡಿಯಲ್ಲಿ ಮತ್ತೆ ಪೇರಲ ನೆಡಬಾರದು. ಮಳೆಗಾಲ ಮುಗಿದ ಮೇಲೆ ಎಲೆ ಹಳದಿಯಾಗಿ, ತುದಿಯಿಂದ ಟೊಂಗೆ ಒಣಗುತ್ತ ಬಂದರೆ ಆ ಗಿಡ ಉಳಿಯುವುದು ಕಷ್ಟ. ಸತ್ತರೆ ಬೇರುಸಹಿತ ಕಿತ್ತು ಸುಡಿ. ಅಲ್ಲಿ ಕರಿಬೇವನ್ನೋ ಲಿಂಬೆಯನ್ನೋ ಹಾಕಿ.

7. ಮೈತುಂಬ ಉದ್ದನೆಯ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಮರಿಹುಳುವನ್ನು ಹಿಟ್ಟು ತಿಗಣೆ ಎಂದು ಹೊಸಕಬಾರದು. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ, ತಿಗಣೆಯನ್ನೇ ತಿಂದು ಬದುಕುತ್ತದೆ. ಕಾಫಿ ತೋಟದ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು ಇವತ್ತಿಗೂ ನಮ್ಮ ಗಿಡ ಕಾಯುತ್ತಿದೆ. ಅದು ಕಂಡ ಗಿಡಕ್ಕೆ ಬೇವಿನ ಎಣ್ಣೆಯನ್ನೂ ಹೊಡೆಯಬೇಡಿ.

8. ಗಾಡಿಯಲ್ಲಿ ಚಿತ್ರ ತೋರಿಸಿ ಮಾರುವವರಿಂದ ಪೀಚ್, ಸೇಬಿನ ಸಸಿ ಕೊಳ್ಳಬಾರದು. ಪೀಚ್ ಮರ ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ತಂಪು ನೂರಾರು ತಾಸು ಸಿಗಬೇಕು. ಮೇಡ್ಲೇರಿಯಲ್ಲಿ ಅಂಥ ಚಳಿ ಬೀಳುವುದಿಲ್ಲ. ಅದೇ ಜಾಗದಲ್ಲಿ ಪೇರಲ ಇಟ್ಟರೆ ಮಕ್ಕಳಿಗೆ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವ ಸಿಗುತ್ತದೆ.

ಸಂಶಯ ಬಂದರೆ

ರೋಗ ಯಾವುದೆಂದು ತಿಳಿಯದಿದ್ದಾಗ ಎಣ್ಣಿ ಅಂಗಡಿಗೆ ಹೋಗಿ ಕೇಳಬೇಡಿ. ರೋಗ ಬಿದ್ದ ಟೊಂಗೆ, ಎಲೆ, ಹಿಡಿ ಮಣ್ಣಿನ ಜೊತೆ ಒಂದೆರಡು ಬೇರು ಚೀಲದಲ್ಲಿ ಹಾಕಿಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಎಣ್ಣಿ ಇಲ್ಲದೆ ಬೆಳೆಯುತ್ತಿದ್ದೇವೆ ಎಂದು ಮೊದಲೇ ಹೇಳಿ.

ಯಾರಾದರೂ ಈ ಮಾತು ಮೀರಿ ಗಿಡಕ್ಕೆ ಎಣ್ಣಿ ಹೊಡೆದಿದ್ದರೆ ಮುಚ್ಚಿಡಬಾರದು. ಆ ಫಸಲನ್ನೆಲ್ಲ ಕಿತ್ತು ಆಳಕ್ಕೆ ಹೂಳಿ, ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ, ಅಕ್ಕಪಕ್ಕದ ಮನೆಯವರಿಗೂ ತಿಳಿಸಿ. ಬೇಲಿ ದೊಡ್ಡವರಿಗೆ, ಮಕ್ಕಳಿಗೆ ಯಾರ ಹಿತ್ತಲಾದರೂ ಒಂದೇ. ಮಗು ಕಚ್ಚಲಿರುವ ಹಣ್ಣನ್ನು ಓಡಿಹೋಗಿ ಕೈಯಿಂದ ಕಸಿದುಕೊಳ್ಳುವ ಪ್ರಸಂಗ ನಮ್ಮೂರಿನ ಯಾವ ಹಿತ್ತಲಲ್ಲೂ ಬರಕೂಡದು.