ಮೊದಲ ಪರದೆಯ ಮೊದಲ ಪ್ರಶ್ನೆ
ವಿಕೇಂದ್ರೀಕೃತ ತಂತ್ರಜ್ಞಾನ ಮತ್ತು ಗಡಿನಾಡಿನ ಕನ್ನಡ ಓದುಗ

ಒಂದೇ ಸಂಸ್ಥೆಯ ಹಿಡಿತಕ್ಕೆ ಒಳಪಡದೆ, ಅನೇಕ ಸರ್ವರ್‌ಗಳು ಸಮಾನ ನಿಯಮಗಳಿಗೆ ಬದ್ಧವಾಗಿ ಪರಸ್ಪರ ವ್ಯವಹರಿಸುವ ವ್ಯವಸ್ಥೆಯೇ ವಿಕೇಂದ್ರೀಕೃತ ತಂತ್ರಜ್ಞಾನ. ಇ-ಮೇಲ್ ಇದಕ್ಕೆ ಪರಿಚಿತ ನಿದರ್ಶನ. ಒಂದು ಕಂಪನಿಯಲ್ಲಿ ಖಾತೆಯುಳ್ಳವರು ಇನ್ನೊಂದು ಕಂಪನಿಯ ಖಾತೆದಾರರಿಗೆ ಪತ್ರ ಕಳುಹಿಸಬಲ್ಲರು. ಅಂಚೆಯಲ್ಲಿ ಈ ತತ್ತ್ವ ಹಳೆಯದು: 1874ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮಗಳಿಂದಲೇ ಒಂದು ದೇಶದ ಅಂಚೆಚೀಟಿ ಹಚ್ಚಿದ ಕಾಗದ ಮತ್ತೊಂದು ದೇಶದ ಮನೆಬಾಗಿಲನ್ನು ತಲುಪುತ್ತದೆ.

2016ರಲ್ಲಿ ಬಂದ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲ ಇದೇ ಬಗೆಯದು. ಆದರೆ ಖಾತೆ ತೆರೆಯಲು ಬಂದವರಿಗೆ ಅದು ಮೊದಲು ಕೇಳುತ್ತಿದ್ದ ಪ್ರಶ್ನೆ, 'ಯಾವ ಸರ್ವರ್ ಬೇಕು?' ಎಂಬುದು. ಒಳಹೊಕ್ಕು ನೋಡದವರು ಇದಕ್ಕೆ ಉತ್ತರಿಸುವುದು ಹೇಗೆ? 2023ರ ಮೇ ತಿಂಗಳಲ್ಲಿ ಈ ಕ್ರಮ ಬದಲಾಯಿತು. ಒಂದು ಸರ್ವರನ್ನು ಪರದೆಯೇ ಸೂಚಿಸಿ, ಉಳಿದವುಗಳ ಆಯ್ಕೆಯನ್ನೂ ತೆರೆದಿಟ್ಟಿತು. ದಾರಿ ಸುಗಮವಾಯಿತು, ಆದರೆ ಎಲ್ಲರೂ ಸೂಚಿಸಿದಲ್ಲಿಗೇ ಹೋದರೆ ಹೊಸದೊಂದು ಕೇಂದ್ರ ಹುಟ್ಟಿಕೊಳ್ಳುವ ಅಪಾಯವೂ ಉಂಟು.

ಈ ವಿಚಾರವನ್ನು ರಾಯದುರ್ಗ, ಮಡಕಶಿರಾಗಳ ನೆಲೆಯಿಂದ ನೋಡಬೇಕು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಮಡಕಶಿರಾ ತುಮಕೂರು ಜಿಲ್ಲೆಗೆ ಅಂಟಿಕೊಂಡ ಸೀಮೆ. ಇಲ್ಲಿನ ಅನೇಕರಿಗೆ ಮನೆಮಾತು ಕನ್ನಡ, ಕಚೇರಿಯ ಭಾಷೆ ತೆಲುಗು. ಇರುವ ಊರನ್ನು ನೋಡಿ ಭಾಷೆಯನ್ನು ಊಹಿಸುವ ಪರದೆ ಇಂಥವರ ಮುಂದೆ ತೆಲುಗನ್ನೇ ತೆರೆಯುತ್ತದೆ. ಯೂನಿಕೋಡ್‌ನಲ್ಲಿ ತೆಲುಗು, ಕನ್ನಡಗಳಿಗೆ ಅಕ್ಕಪಕ್ಕದ ಆದರೆ ಪ್ರತ್ಯೇಕವಾದ ಸ್ಥಾನಗಳಿವೆ. ಗಡಿಯ ಓದುಗರಿಗೂ ಅಂಥದೇ ಪ್ರತ್ಯೇಕ ಸ್ಥಾನ ಪರದೆಯಲ್ಲಿ ದೊರೆಯಬೇಕು.

ಆದ್ದರಿಂದ ಪರದೆಯ ವಿನ್ಯಾಸದಲ್ಲಿ ಮೂರು ಅಂಶಗಳು ಮುಖ್ಯ.

1. ಬಳಕೆದಾರರು ಉತ್ತರಿಸಬಲ್ಲ ಪ್ರಶ್ನೆಯೇ ಮೊದಲು ಬರಬೇಕು. ಅದು ಭಾಷೆಯ ಪ್ರಶ್ನೆ. 'ಕನ್ನಡ' ಎಂಬ ಹೆಸರು ಕನ್ನಡ ಲಿಪಿಯಲ್ಲಿಯೇ ಕಾಣಬೇಕು.

2. ಸರ್ವರ್‌ನ ಆಯ್ಕೆ ಆಮೇಲೆ ಬರಲಿ, ಆದರೆ ಮರೆಯಾಗದಿರಲಿ. ಮ್ಯಾಸ್ಟೊಡಾನ್‌ನಲ್ಲಿ ಖಾತೆಯನ್ನು ಬೇರೆ ಸರ್ವರ್‌ಗೆ ಸ್ಥಳಾಂತರಿಸಿದಾಗ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಈ ಮಾತನ್ನು ಪರದೆ ಮೊದಲೇ ತಿಳಿಸಬೇಕು.

3. ಹೊಣೆಯನ್ನು ಸರಳವಾಗಿ ಹೇಳಬೇಕು. ಕೆಲವು ವ್ಯವಸ್ಥೆಗಳಲ್ಲಿ ರಹಸ್ಯ ಕೀಲಿ ಬಳಕೆದಾರರ ಬಳಿ ಮಾತ್ರ ಇರುತ್ತದೆ. ಅದು ಕಳೆದರೆ ಮರಳಿ ಕೊಡುವ ಕಚೇರಿಯೇ ಇಲ್ಲ. 'ಕೀಲಿಯ ಕಾಪು ಬಳಕೆದಾರನ ದಾಯಿತ್ವ' ಎಂಬ ವಾಕ್ಯ ಶುದ್ಧವಾಗಿದೆ, ಆದರೆ ಎಚ್ಚರಿಸುವುದಿಲ್ಲ. 'ಈ ಪದಗಳನ್ನು ಕಾಗದದಲ್ಲಿ ಬರೆದಿಡಿ. ಕಳೆದರೆ ಯಾರೂ ಮರಳಿ ಕೊಡಲಾರರು' ಎಂಬುದು ಎಚ್ಚರಿಸುತ್ತದೆ.

ಮೂರನೆಯ ಅಂಶ ಭಾಷಾಭ್ಯಾಸಿಗಳ ಕೆಲಸ. ಪಾರಿಭಾಷಿಕ ಪದ ರಚಿಸಿದಲ್ಲಿಗೆ ಅನುವಾದ ಮುಗಿಯುವುದಿಲ್ಲ. ಓದಿದವರಿಗೆ ಮುಂದೇನು ಮಾಡಬೇಕೆಂಬುದು ತಿಳಿದಾಗಲೇ ಅದು ಪೂರ್ಣ. ಕೇಂದ್ರದ ಅಪ್ಪಣೆಗೆ ಕಾಯದ ತಂತ್ರಜ್ಞಾನ, ರಾಜಧಾನಿಗಳಿಂದ ದೂರ ಉಳಿದ ಗಡಿನಾಡಿನ ಭಾಷಿಕರಿಗೆ ವಿಶೇಷವಾಗಿ ಒದಗಬಲ್ಲದು. ಆದರೆ ಅದರ ಬಾಗಿಲಿನ ಬರಹ ಅವರಿಗೆ ಅರ್ಥವಾಗದಿದ್ದರೆ, ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಅಭ್ಯಾಸ: ತಮ್ಮ ಮೊಬೈಲಿನ ಯಾವುದಾದರೂ ಆ್ಯಪ್‌ನ ಮೊದಲ ಪರದೆಯ ಐದು ವಾಕ್ಯಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದು, ಮನೆಯ ಹಿರಿಯರಿಗೆ ಓದಿಹೇಳಿ, ಅರ್ಥವಾಗದ ಪದಗಳನ್ನು ಪಟ್ಟಿಮಾಡುವುದು.