ದೇವಗಿರಿಯ ಪರಿಸರದಲ್ಲಿ ಒಂದು ಖಾಸಗಿ ವಿಶ್ವವಿದ್ಯಾಲಯ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಇಂದು ಒಂದೇ ರಾಜ್ಯದ ನಗರಗಳು. ಆದರೆ ಅವುಗಳ ಶಿಕ್ಷಣದ ಇತಿಹಾಸ ಒಂದೇ ಅಲ್ಲ. ನಾಸಿಕ್ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. 2023ರವರೆಗೆ ಔರಂಗಾಬಾದ್ ಎನಿಸಿದ್ದ ಸಂಭಾಜಿನಗರ ನಿಜಾಮನ ಸಂಸ್ಥಾನದಲ್ಲಿದ್ದಿತು. ಧಾರವಾಡಕ್ಕೂ ಕಲಬುರಗಿಗೂ ಇದ್ದ ಅಂತರವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಮಾಧ್ಯಮ ಆಗ ಉರ್ದುವಾಗಿದ್ದಿತು. ಸಂಸ್ಥಾನದ ಮರಾಠಿ, ಕನ್ನಡ, ತೆಲುಗು ಮನೆಮಾತಿನವರು ಬಹುಮಟ್ಟಿಗೆ ಆ ಬಾಗಿಲಿನಿಂದ ಉನ್ನತ ಶಿಕ್ಷಣವನ್ನು ಪ್ರವೇಶಿಸಬೇಕಾಗಿದ್ದಿತು.

1950ರಲ್ಲಿ ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿಯು ಔರಂಗಾಬಾದಿನಲ್ಲಿ ಕಾಲೇಜೊಂದನ್ನು ತೆರೆಯಿತು. ಅದೇ ಮುಂದೆ ಮಿಲಿಂದ ಮಹಾವಿದ್ಯಾಲಯವಾಯಿತು. ಮರಾಠವಾಡಾ ವಿಶ್ವವಿದ್ಯಾಲಯ ಬಂದದ್ದು 1958ರಲ್ಲಿ. ಮಿಲಿಂದವೂ ಖಾಸಗಿ ಸಂಸ್ಥೆಯ ಸಾಹಸವೇ. ಆದರೆ ಅಲ್ಲಿ ‘ಖಾಸಗಿ’ ಎಂಬ ಮಾತಿಗೆ ವಿದ್ಯೆಯಿಂದ ವಂಚಿತರಾದವರಿಗಾಗಿ ಸಮಾಜವೇ ಮುಂದೆ ಬಂದದ್ದು ಎಂಬ ಅರ್ಥವಿದ್ದಿತು. ಎಂಬತ್ತರ ದಶಕದಲ್ಲಿ ಮಹಾರಾಷ್ಟ್ರವು ಅನುದಾನರಹಿತ ತಾಂತ್ರಿಕ ಕಾಲೇಜುಗಳಿಗೆ ಅವಕಾಶವಿತ್ತ ಮೇಲೆ ಆ ಅರ್ಥ ಬದಲಾಗತೊಡಗಿತು.

1982ರಲ್ಲಿ ನಾಂದೇಡಿನಲ್ಲಿ ಕಮಲಕಿಶೋರ ಕದಂ ಅವರು ಸ್ಥಾಪಿಸಿದ ಮಹಾತ್ಮಾ ಗಾಂಧಿ ಮಿಷನ್ ಈ ಕಾಲದ ಸಂಸ್ಥೆ. ಅದರ ಎಂ.ಜಿ.ಎಂ. ವಿಶ್ವವಿದ್ಯಾಲಯವು 2019ರಲ್ಲಿ ರಾಜ್ಯದ ಕಾಯಿದೆಯ ಮೂಲಕ ಸಂಭಾಜಿನಗರದಲ್ಲಿ ಅಸ್ತಿತ್ವಕ್ಕೆ ಬಂದಿತು. ಎಂಜಿನಿಯರಿಂಗ್, ವ್ಯವಸ್ಥಾಪನೆ, ಪತ್ರಿಕೋದ್ಯಮ, ವಿನ್ಯಾಸ ಮೊದಲಾದವು ಅದರ ವ್ಯಾಸಂಗ ವಿಷಯಗಳು. ನಾಸಿಕ್‌ನ ತ್ರ್ಯಂಬಕ ರಸ್ತೆಯ ಸಂದೀಪ್ ವಿಶ್ವವಿದ್ಯಾಲಯವೂ ಇದೇ ವರ್ಗದ್ದು. ಇಂತಹ ವಿಶ್ವವಿದ್ಯಾಲಯಗಳು ಹೊರಗಿನ ಕಾಲೇಜುಗಳಿಗೆ ಸಂಯೋಜನೆ ನೀಡುವಂತಿಲ್ಲ; ಹಳ್ಳಿಗಾಡಿನ ಕಾಲೇಜುಗಳ ಹೊಣೆ ಹಳೆಯ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮೇಲೆಯೇ ಉಳಿಯುತ್ತದೆ. ಇವು ಸ್ವವಿತ್ತಪೋಷಿತವಾದವು. ಶುಲ್ಕವೇ ಮುಖ್ಯ ಆಧಾರವಾದಲ್ಲಿ ಭಾಷೆ, ಸಾಹಿತ್ಯ, ಶಾಸನಗಳಂತಹ ವಿಷಯಗಳ ಅಳಿವು-ಉಳಿವು ಪ್ರವೇಶಸಂಖ್ಯೆಯ ಕೈಗೆ ಹೋಗುತ್ತದೆ. ಕನ್ನಡ ವಿಭಾಗಗಳಿಗೂ ಇದು ದೂರದ ಸಂಗತಿಯಲ್ಲ.

ಆದರೂ ಎಂ.ಜಿ.ಎಂ. ಆವರಣದಲ್ಲಿ 1996ರಲ್ಲಿ ಆರಂಭವಾದ ‘ಮಹಾಗಾಮಿ’ ಗುರುಕುಲವನ್ನು ಬೇರೆಯಾಗಿಯೇ ಕಾಣಬೇಕು. ಕಥಕ್ ಮತ್ತು ಒಡಿಸ್ಸಿ ನೃತ್ಯಗಳನ್ನು ಕಲಿಸುವ ಈ ಗುರುಕುಲವು ಶಾರ್ಙ್ಗದೇವನ ಹೆಸರಿನಲ್ಲಿ ಸಮಾರೋಹವನ್ನೂ ನಡೆಸುತ್ತ ಬಂದಿದೆ. ‘ಸಂಗೀತರತ್ನಾಕರ’ದ ಕರ್ತೃವಾದ ಆತ 13ನೆಯ ಶತಮಾನದಲ್ಲಿ, ನಗರಕ್ಕೆ ಸಮೀಪದ ದೇವಗಿರಿಯಲ್ಲಿ, ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದವನು. ಆ ಸೇವುಣರ ಅನೇಕ ಶಾಸನಗಳು ಕನ್ನಡದಲ್ಲಿವೆ. ಶಾರ್ಙ್ಗದೇವನ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ವಿಜಯನಗರದವನು.